ತೂಕದ ಜೊತೆಗೆ ಸೊಂಟದ ಸುತ್ತಳತೆಯೂ ದಾಖಲಾಗಲಿ

ಮಾನ್ಯ ಸಂಪಾದಕರೇ,

ಬೊಜ್ಜಿನ ಕುರಿತ ಚರ್ಚೆ ಬಹುಮಟ್ಟಿಗೆ ತೂಕದಲ್ಲೇ ಮುಗಿದುಹೋಗುತ್ತಿದೆ. ಆರೋಗ್ಯ ತಪಾಸಣೆಯ ಚೀಟಿಯಲ್ಲಿ ಎತ್ತರ, ತೂಕ ಮತ್ತು ಅವೆರಡರಿಂದ ಲೆಕ್ಕಹಾಕಿದ ಬಿಎಂಐ ಇರುತ್ತವೆ. ಸೊಂಟದ ಸುತ್ತಳತೆ ಕಾಣಸಿಗುವುದು ಅಪರೂಪ. ಕೊಬ್ಬು ಎಷ್ಟಿದೆ ಎಂಬುದರಷ್ಟೇ ಅದು ಎಲ್ಲಿ ಸೇರಿಕೊಂಡಿದೆ ಎಂಬುದೂ ಮುಖ್ಯವೆಂದು ಫ್ರಾನ್ಸಿನ ವೈದ್ಯ ಜ್ಯಾಂ ವಾಗ್ 1947ರಷ್ಟು ಹಿಂದೆಯೇ ಬರೆದಿದ್ದರು ಎಂಬುದನ್ನು ನೆನೆದರೆ ಈ ಉದಾಸೀನ ಅಚ್ಚರಿ ಹುಟ್ಟಿಸುತ್ತದೆ.

ಕೈಗೆ ಸಿಗುವ, ಚರ್ಮದಡಿಯ ಕೊಬ್ಬು ಅಷ್ಟಾಗಿ ಅಪಾಯಕಾರಿಯಲ್ಲ. ತೊಂದರೆಯಿರುವುದು ಹೊಟ್ಟೆಯ ಸ್ನಾಯುಗಳ ಹಿಂದೆ, ಕರುಳಿನ ಸುತ್ತಮುತ್ತ ಶೇಖರವಾಗುವ ಕೊಬ್ಬಿನಲ್ಲಿ. ಅದರಿಂದ ಹೊರಬೀಳುವ ಕೊಬ್ಬಿನಾಮ್ಲಗಳೂ ಉರಿಯೂತ ಹೆಚ್ಚಿಸುವ ರಾಸಾಯನಿಕಗಳೂ ಪೋರ್ಟಲ್ ರಕ್ತನಾಳದ ಮೂಲಕ ನೇರವಾಗಿ ಯಕೃತ್ತನ್ನು ಸೇರುವುದರಿಂದ, ಅಲ್ಲಿಯೂ ಕೊಬ್ಬು ತುಂಬುತ್ತದೆ, ಇನ್ಸುಲಿನ್ನಿಗೆ ದೇಹ ಸ್ಪಂದಿಸುವುದು ತಗ್ಗುತ್ತದೆ, ಕಾಲಕ್ರಮದಲ್ಲಿ ಸಕ್ಕರೆ, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು), ರಕ್ತದೊತ್ತಡ ಮೂರೂ ಏರತೊಡಗುತ್ತವೆ. ಕೈಕಾಲು ಸಣಕಲಾಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರ ಬಿಎಂಐ ಸಹಜ ಮಿತಿಯಲ್ಲೇ ಇರಬಹುದಾದ್ದರಿಂದ ಇಂಥವರು ತಪಾಸಣೆಯ ಕಣ್ಣಿಗೆ ಬೀಳುವುದೇ ಇಲ್ಲ.

ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ 2005ರಲ್ಲಿ ಸೂಚಿಸಿದ ಪ್ರಕಾರ ದಕ್ಷಿಣ ಏಷ್ಯಾ ಮೂಲದ ಪುರುಷರಿಗೆ 90 ಸೆಂ.ಮೀ., ಮಹಿಳೆಯರಿಗೆ 80 ಸೆಂ.ಮೀ. ಸೊಂಟದ ಸುತ್ತಳತೆಯ ಎಚ್ಚರಿಕೆಯ ಗಡಿ, ಯುರೋಪ್ ಮೂಲದ ಪುರುಷರಿಗೆ ಅದು 94. ಆದರೆ ಅಳತೆ ಕೇಳಿದರೆ ಹಲವರು ಪ್ಯಾಂಟಿನ ಅಳತೆಯನ್ನೇ ಹೇಳಿಬಿಡುತ್ತಾರೆ. ಹೊಟ್ಟೆ ಬೆಳೆದಂತೆಲ್ಲ ಪ್ಯಾಂಟು ಅದರ ಕೆಳಕ್ಕೆ ಜಾರಿ ಕೂರುವುದರಿಂದ ವರ್ಷಗಟ್ಟಲೆ ಅದೇ ಅಳತೆ ಸಾಲುತ್ತದೆ! ಟೇಪು ಹಿಡಿಯಬೇಕಾದದ್ದು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಹೊಟ್ಟೆ ಒಳಗೆಳೆದುಕೊಳ್ಳದೆ, ಸಹಜವಾಗಿ ಉಸಿರು ಬಿಟ್ಟ ಮೇಲೆ.

ಹೊಟ್ಟೆಯನ್ನೇ ಗುರಿಯಾಗಿಸಿ ಕರಗಿಸುತ್ತೇವೆಂಬ ಬೆಲ್ಟು, ಮುಲಾಮುಗಳ ಜಾಹೀರಾತುಗಳನ್ನು ನಂಬಲು ಕಾರಣವಿಲ್ಲ. ಕೊಬ್ಬನ್ನು ಹೀರಿ ತೆಗೆಯುವ ಲೈಪೊಸಕ್ಷನ್ ಶಸ್ತ್ರಚಿಕಿತ್ಸೆ ಕೂಡ ತೆಗೆಯುವುದು ಚರ್ಮದಡಿಯ ಕೊಬ್ಬನ್ನೇ ಹೊರತು ಒಳಗಿನದನ್ನಲ್ಲ. ನಿಯಮಿತವಾದ ಬಿರುಸು ನಡಿಗೆಯಂಥ ವ್ಯಾಯಾಮದಿಂದ, ತೂಕ ಹೆಚ್ಚೇನೂ ಇಳಿಯದಿದ್ದರೂ, ಒಳಗಿನ ಕೊಬ್ಬು ಕರಗುವುದುಂಟು. ತೂಕದ ಯಂತ್ರವನ್ನಷ್ಟೇ ನಂಬಿದವರು ಪ್ರಯೋಜನವಾಗಲಿಲ್ಲವೆಂದು ನಡಿಗೆ ಬಿಟ್ಟುಬಿಡುವುದು ಹೀಗಾಗಿಯೇ. ಆದ್ದರಿಂದ ಆಸ್ಪತ್ರೆಗಳ ತಪಾಸಣಾ ಚೀಟಿಯಲ್ಲಿ ಸೊಂಟದ ಸುತ್ತಳತೆಗೂ ಒಂದು ಕಲಂ ಇರಲಿ ಎಂದು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರನ್ನು ವಿನಂತಿಸುತ್ತೇನೆ.

ಇಂತಿ,
ಓರ್ವ ಓದುಗ