ಎರಡು ನುಡಿ ಜೋಗುಳ, ಒಂದೂವರೆ ವರ್ಷದ ಪಾಠ

ಹೋದ ಭಾನುವಾರ ಮೊಮ್ಮಗಳ ನಾಮಕರಣ ಆಯಿತು. ತೊಟ್ಟಿಲು ತೂಗುವ ಹೊತ್ತಿಗೆ ನಾನು ಜೋಗುಳ ಹಾಡಿದೆ. ಎರಡೇ ನುಡಿ, ಮೂರು ನಿಮಿಷವೂ ಹಿಡಿಯಲಿಲ್ಲ. ಬಂದವರಲ್ಲಿ ಅರ್ಧ ಜನ ಊಟದ ಹಾಲ್ ಕಡೆ ನೋಡುತ್ತಿದ್ದರು. ಅವರ ತಪ್ಪಿಲ್ಲ, ಗಂಟೆ ಒಂದಾಗಿತ್ತು. ಆದರೆ ಆ ಎರಡು ನುಡಿ ಹಾಡಲು ನನಗೆ ಒಂದೂವರೆ ವರ್ಷ ಬೇಕಾಯಿತು. ಅದನ್ನು ಹಾಡಿಸಿದವರಿಗೆ ನಾಲ್ಕು ಜನರ ಎದುರು ಥ್ಯಾಂಕ್ಸ್ ಹೇಳದಿದ್ದರೆ ಸಮಾಧಾನ ಇಲ್ಲ.

ಸಂಗೀತದ ಮೇಡಂ ತಮ್ಮ ಹೆಸರು ಹಾಕಕೂಡದು ಅಂದಿದ್ದಾರೆ. ಹಾಗಾಗಿ ಇಲ್ಲಿ ಅವರು ಬರೀ ಮೇಡಂ.

ನಾನು ಮೈಸೂರಿನ ಒಂದು ಪ್ರಾಥಮಿಕ ಶಾಲೆಯಲ್ಲಿ 24 ವರ್ಷದಿಂದ ಟೀಚರ್. ಮೂರನೇ ಕ್ಲಾಸು, 42 ಮಕ್ಕಳು, ಕಿಟಕಿಯ ಆಚೆ ಬಸ್ಸು ಓಡಾಡುವ ರಸ್ತೆ. ಕೂಗದೆ ಪಾಠ ಮಾಡುವುದು ಹೇಗೆ ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೂರು ವರ್ಷದ ಹಿಂದೆ ಗಂಟಲು ಒಡೆಯಲು ಶುರುವಾಯಿತು. ಬೆಳಗ್ಗೆ ಸರಿ ಇರುತ್ತಿತ್ತು, ಮಧ್ಯಾಹ್ನದ ಬೆಲ್ ಹೊಡೆಯುವಷ್ಟರಲ್ಲಿ ಧ್ವನಿ ಹೋಗಿರುತ್ತಿತ್ತು. ಶುಂಠಿ, ಜೇಷ್ಠಮಧು, ಬಿಸಿನೀರು, ಎಲ್ಲ ಆಯಿತು.

ಆಗ ಯಾರೋ ಸಂಗೀತ ಕಲಿತರೆ ಗಂಟಲು ಪಳಗುತ್ತೆ ಅಂದರು. ಒಂದು ಕ್ಲಾಸಿಗೆ ಸೇರಿದೆ. ಅಲ್ಲಿ ಇಪ್ಪತ್ತು ಜನಕ್ಕೂ ಒಂದೇ ಪುಸ್ತಕ, ಒಂದೇ ಶ್ರುತಿ, ಅದೂ ಎತ್ತರದ ಆರು ಮನೆ. ಸ್ವರಗಳನ್ನು ಜೋಡಿ ಜೋಡಿಯಾಗಿ ಹಾಡುವ ಜಂಟಿ ವರಸೆಯನ್ನು ಮೂರು ವೇಗದಲ್ಲೂ ಗಂಟಲು ಬಿಟ್ಟು ಹಾಡಿ ಅನ್ನುತ್ತಿದ್ದರು. ನಾನು ಬಿಟ್ಟೆ, ಗಂಟಲು ನನ್ನನ್ನೇ ಬಿಟ್ಟಿತು. ಎಂಟು ತಿಂಗಳ ಮೇಲೆ ಅಲ್ಲಿಗೆ ಹೋಗುವುದು ನಿಲ್ಲಿಸಿದೆ. ಬೈಯಲು ಮನಸ್ಸಿಲ್ಲ. 42 ಮಕ್ಕಳಿಗೆ ಒಂದೇ ಮಗ್ಗಿಯನ್ನು ಒಂದೇ ವೇಗದಲ್ಲಿ ಹೇಳಿಸಿದವಳು ನಾನೂ ಅಲ್ವಾ?

ಕೊನೆಗೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋದೆ. ನಮ್ಮೂರವರ ಬಾಯಲ್ಲಿ ಅದು ‘ಸ್ಪೀಚ್ ಅಂಡ್ ಹಿಯರಿಂಗ್’. 1965ರಿಂದ ನಮ್ಮೂರಲ್ಲೇ ಇದೆ. ಮಾತು ಬಾರದ ಮಕ್ಕಳಿಗೆ ಮಾತ್ರ ಅಂದುಕೊಂಡಿದ್ದೆ. ಕ್ಯಾಮೆರಾ ಹಾಕಿ ನೋಡಿದರು. ಧ್ವನಿ ತಂತುಗಳು ಎರಡರ ಮೇಲೂ ಪುಟ್ಟ ಗಂಟು, ಸೌದೆ ಒಡೆಯುವವರ ಅಂಗೈ ಜಡ್ಡು ಕಟ್ಟುತ್ತದಲ್ಲ, ಹಾಗೆ. ಹೆಂಗಸರು ಮಾತಾಡುವಾಗ ಈ ತಂತುಗಳು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ತಾಗುತ್ತವಂತೆ. ಅದಕ್ಕೆ ನಾನು ಕೂಗನ್ನೂ ಸೇರಿಸಿದ್ದೆ. ಪಿಸುಮಾತು ಗಂಟಲಿಗೆ ವಿಶ್ರಾಂತಿ ಅಲ್ಲ ಅಂತ ನನಗೆ ಗೊತ್ತಾಗಿದ್ದೇ ಅಲ್ಲಿ. ಲೋಟದ ನೀರಿಗೆ ಸ್ಟ್ರಾ ಹಾಕಿ ಗುಳುಗುಳು ಅನ್ನಿಸುತ್ತಾ ‘ಊ’ ಹೇಳುವುದನ್ನು ಕಲಿಸಿದ ಆ ಚಿಕ್ಕ ವಯಸ್ಸಿನ ಥೆರಪಿಸ್ಟ್‌ಗೆ ನನ್ನ ಮೊದಲ ನಮಸ್ಕಾರ. ಹಾಡಬಹುದು, ಆದರೆ ಕೇಳಿಸಿಕೊಳ್ಳುವ ಗುರು ಹುಡುಕಿ ಅಂದವರೂ ಅವರೇ.

ಮೇಡಂ ಸಿಕ್ಕಿದ್ದು ಹಾಗೆ. ಮೊದಲ ದಿನ ಹಾಡಿಸಲೇ ಇಲ್ಲ. ‘ಯಾಕೆ ಕಲೀಬೇಕು?’ ಅಂದರು. ‘ಸುಮ್ನೆ, ಆಸೆ’ ಅಂದೆ. ‘ಎರಡು ಬಸ್ ಬದಲಾಯಿಸಿಕೊಂಡು ಯಾರೂ ಸುಮ್ನೆ ಬರಲ್ಲ’ ಅಂದರು. ಆಮೇಲೆ ಬಾಯಿಬಿಟ್ಟೆ. ಕೂಗದೆ ಪಾಠ ಮಾಡಬೇಕು. ಇನ್ನೊಂದು, ಮಗಳಿಗೆ ಮಗುವಾದರೆ ನಮ್ಮಮ್ಮ ಹಾಡುತ್ತಿದ್ದ ಜೋಗುಳವನ್ನು ಅದಕ್ಕೆ ಹಾಡಬೇಕು. ಹೇಳುವಾಗ ನನಗೇ ನಾಚಿಕೆಯಾಯಿತು. ಮೈಸೂರಲ್ಲಿ ಸಂಗೀತ ಅಂದರೆ ಒಂಟಿಕೊಪ್ಪಲಿನ 8ನೇ ಕ್ರಾಸಿನ ಗಣಪತಿ ಉತ್ಸವದ ಸಂಗೀತ ಕಚೇರಿಗಳು ಕಣ್ಣಿಗೆ ಬರುತ್ತವೆ, ನಾನು ಜೋಗುಳ ಅನ್ನುತ್ತಿದ್ದೇನೆ! ಮೇಡಂ ನಗಲಿಲ್ಲ. ಉದ್ದದ ನೋಟ್ ಬುಕ್ಕಿನ ಒಂದು ಹೊಸ ಪುಟದ ತಲೆಯ ಮೇಲೆ ಬರೆದರು: ‘ಜೋಗುಳ. ಕ್ಲಾಸಿನಲ್ಲಿ ಗಂಟಲು ಉಳಿಯಬೇಕು.’

ಆ ಬುಕ್ಕಿನಲ್ಲಿ ಎಲ್ಲರಿಗೂ ಒಂದೊಂದು ಪುಟ. ಎದುರು ಮನೆಯ 71 ವರ್ಷದ ಅಜ್ಜಿಯ ಪುಟದಲ್ಲಿ ‘ಭಜನಾ ಮಂಡಳಿ, ನಾಲ್ಕು ದೇವರನಾಮ’ ಅಂತಿದೆ. ‘ನನಗೆ ಸ ರಿ ಗ ಮ ಅನ್ನೋ ಸರಳೆ ಗಿರಳೆ ಬೇಡ ಕಣಮ್ಮ, ಅಷ್ಟು ಟೈಮಿಲ್ಲ’ ಅಂದರಂತೆ. ಮೇಡಂ ದಪ್ಪ ಅಕ್ಷರದಲ್ಲಿ ಸಾಹಿತ್ಯ ಬರೆದುಕೊಟ್ಟು, ಉಸಿರು ತೆಗೆದುಕೊಳ್ಳುವ ಕಡೆ ಕೆಂಪು ಗೆರೆ ಹಾಕಿಕೊಟ್ಟರು. ಆಡಿಷನ್‌ಗೆ ಓಡಾಡುವ ಹುಡುಗಿಯೊಬ್ಬಳಿಗೆ ಮೈಕ್ ಎಷ್ಟು ದೂರ ಹಿಡಿಯಬೇಕು ಅನ್ನುವುದೇ ಎರಡು ವಾರದ ಪಾಠ. 13 ವರ್ಷದ ಹುಡುಗ ಒಬ್ಬ ಜೂನಿಯರ್ ಪರೀಕ್ಷೆಗೆ ಬಂದಿದ್ದ, ಆದರೆ ಧ್ವನಿ ಒಡೆಯುತ್ತಿತ್ತು. ಆ ವಯಸ್ಸಿನಲ್ಲಿ ಹುಡುಗರ ಧ್ವನಿ ಹೆಚ್ಚುಕಡಿಮೆ ಒಂದು ಸ್ಥಾಯಿಯಷ್ಟು, ಅಂದರೆ ಮೇಲಿನ ‘ಸ’ದಿಂದ ಕೆಳಗಿನ ‘ಸ’ದಷ್ಟು, ಕೆಳಗಿಳಿಯುತ್ತೆ. ಈ ವರ್ಷ ಪರೀಕ್ಷೆ ಬೇಡ, ತಾಳ ಹಾಕಲಿ, ಜಾಸ್ತಿ ಕೇಳಲಿ, ಶ್ರುತಿ ಇಳಿಸಿ ಸ್ವಲ್ಪವೇ ಹಾಡಲಿ ಅಂದರು. ಅಪ್ಪ ಅಮ್ಮ ಮುಖ ಊದಿಸಿಕೊಂಡು ಹೋದರು. ಹುಡುಗ ಮಾತ್ರ ಈಗಲೂ ಬರುತ್ತಾನೆ.

ನನಗೆ ಶುರುವಾಗಿದ್ದು ‘ಮ್’ ಅನ್ನುವುದರಿಂದ. ಬಾಯಿ ಮುಚ್ಚಿ, ತುಟಿ ಜುಮ್ಮೆನ್ನುವ ಹಾಗೆ. ಶ್ರುತಿ ನಾಲ್ಕು ಮನೆಗೆ ಇಳಿಯಿತು. ರಾಗ ಎಲ್ಲರಂತೆ ಮಾಯಾಮಾಳವಗೌಳವೇ. ಆದರೆ ಮೊದಲ ತಿಂಗಳು ಪಂಚಮ, ಅಂದರೆ ‘ಪ’, ದಾಟುವ ಹಾಗಿರಲಿಲ್ಲ. ಅಕಾರದ ಬದಲು ‘ನ’. ‘ಅ’ ಅಂತ ಶುರುಮಾಡಿದರೆ ನಾನು ಗಂಟಲಿನ ಬಾಗಿಲು ಧಡಾರನೆ ಬಡಿಯುತ್ತಿದ್ದೆನಂತೆ. ಜಂಟಿ ವರಸೆಯನ್ನು ಐದು ತಿಂಗಳು ಮುಟ್ಟಿಸಲಿಲ್ಲ. ಜೋಡಿಯ ಎರಡನೇ ಸ್ವರಕ್ಕೆ ಒತ್ತು ಬೀಳುತ್ತದಲ್ಲ, ಆ ಒತ್ತೇ ನನ್ನ ಗಂಟಿಗೆ ಪೆಟ್ಟು. ಬೇರೆಯವರಿಗೆ ಎರಡನೇ ಮೆಟ್ಟಿಲು, ನನಗೆ ಒಂಬತ್ತನೆಯದು.

ಒಂದು ಸಂಜೆ ನನ್ನ ಧ್ವನಿ ಗಂಡಸಿನ ಹಾಗೆ ಕೇಳುತ್ತೆ ಅಂತ ಅತ್ತುಬಿಟ್ಟೆ. ಮೇಡಂ ಸಮಾಧಾನ ಹೇಳಲಿಲ್ಲ, ಫೋನಿನಲ್ಲಿ ಗಂಗೂಬಾಯಿ ಹಾನಗಲ್ ಅವರನ್ನು ಹಾಕಿದರು. ಗಂಟಲಿನ ಚಿಕಿತ್ಸೆಯಾದ ಮೇಲೆ ಅವರ ಧ್ವನಿ ದಪ್ಪಗಾಯಿತು. ಅದೇ ಧ್ವನಿಯಲ್ಲಿ ಅವರು ಗಂಗೂಬಾಯಿ ಆದರು, 2002ರಲ್ಲಿ ಪದ್ಮವಿಭೂಷಣವೂ ಬಂತು. ಮೇಡಂ ಕರ್ನಾಟಕಿ, ಇದು ಹಿಂದೂಸ್ತಾನಿ. ಆ ಹೊತ್ತಿಗೆ ಅದನ್ನು ಯಾರು ನೋಡುತ್ತಾರೆ? ನನ್ನ ಕೈಲಿ ಗಂಗೂಬಾಯಿ ಆಗಲು ಆಗಲ್ಲ, ಆದರೆ ಮಾರನೇ ದಿನದಿಂದ ನಾಲ್ಕು ಮನೆಯಲ್ಲಿ ಹಾಡಲು ನಾಚಿಕೆ ಆಗಲಿಲ್ಲ.

ಜಗಳವೂ ಆಗಿದೆ. ಹೋದ ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ಒಂದು ಕೀರ್ತನೆ ಕಲಿಸಿ ಅಂತ ಹಟ ಹಿಡಿದೆ. ಮೇಡಂ ನೋಟ್ ಬುಕ್ ತೆಗೆದು ನನ್ನ ಪುಟ ತೋರಿಸಿದರು. ‘ಇದನ್ನು ಹೊಡೆದು ಹಾಕ್ತೀರಾ? ಹಾಕಿದರೆ ಅದನ್ನು ಕಲಿಸ್ತೀನಿ. ಎರಡೂ ಈಗ ಆಗಲ್ಲ.’ ಎರಡು ವಾರ ಹೋಗಲಿಲ್ಲ. ಮೂರನೇ ವಾರ ಹೋದೆ. ಆವತ್ತು ಅವರು ಅಮ್ಮನ ಜೋಗುಳವನ್ನು ಗುನುಗಿಸಿದರು.

ನನಗೆ ನೆನಪಿದ್ದಿದ್ದು ಒಂದೂವರೆ ನುಡಿ. ಧಾಟಿ ಅಲ್ಲಲ್ಲಿ ಜಾರುತ್ತಿತ್ತು. ಜೋಗುಳ ಅಂದಕೂಡಲೇ ನೀಲಾಂಬರಿ ರಾಗಕ್ಕೆ ಕೂರಿಸುತ್ತಾರೆ ಅಂದುಕೊಂಡಿದ್ದೆ. ‘ನಿಮ್ಮಮ್ಮ ಹಾಡಿದ್ದು ಹೇಗೋ ಹಾಗೇ’ ಅಂದರು. ನಾನು ಗುನುಗಿದ್ದನ್ನು ಪೆನ್ಸಿಲ್‌ನಲ್ಲಿ ಸ್ವರ ಹಾಕಿ ಬರೆದುಕೊಂಡರು. ಇಡೀ ಹಾಡು ಬರೀ ಐದು ಸ್ವರದೊಳಗೆ ಇತ್ತು! ಉಳಿದ ಅರ್ಧ ನುಡಿಗೆ ಹುಣಸೂರಿನ ದೊಡ್ಡಮ್ಮನಿಗೆ ಫೋನ್ ಮಾಡಿಸಿದರು. ನಮ್ಮಮ್ಮ ಹೋಗಿ 11 ವರ್ಷ ಆಯಿತು. ಅವರ ಧಾಟಿ ಕಾಗದದ ಮೇಲೆ ಸ ರಿ ಗ ಆಗಿ ಕೂತಿದ್ದನ್ನು ನೋಡಿ ನನಗೆ ಆವತ್ತು ಪಾಠ ಮುಂದುವರಿಸಲು ಆಗಲಿಲ್ಲ. ಮೇಡಂ ಕಾಫಿ ಮಾಡಿ ತಂದರು.

ಶಾಲೆಯ ಕಥೆ ಹೇಳಲೇಬೇಕು. ಕೂಗುವ ಬದಲು ನಾನು ಚಪ್ಪಾಳೆ ತಟ್ಟಿ ‘ತಕಧಿಮಿ’ ಅನ್ನಬೇಕು, ಮಕ್ಕಳು ತಟ್ಟಿ ‘ತಕಜನು’ ಅನ್ನಬೇಕು. ಮೇಡಂ ಐಡಿಯಾ. ಮೂರನೇ ದಿನಕ್ಕೆ ಕ್ಲಾಸು ಗಪ್‌ಚುಪ್. ಈಗ ಪಕ್ಕದ ನಾಲ್ಕನೇ ಕ್ಲಾಸಿನವರೂ ಗೋಡೆಯ ಆಚೆಯಿಂದ ಉತ್ತರ ಕೊಡುತ್ತಾರೆ. ಅದೊಂದು ತಲೆನೋವು. ನನ್ನ 42 ಮಕ್ಕಳಿಗೂ, ಗೋಡೆಯಾಚೆಯವರಿಗೂ ಥ್ಯಾಂಕ್ಸ್. ದಿನಾ ಬೆಳಗ್ಗೆ ನನ್ನ ಗುಳುಗುಳು ಸಹಿಸಿಕೊಂಡು ಪೇಪರ್ ಓದಿದ ಮನೆಯವರಿಗೂ.

ಭಾನುವಾರ ಮೇಡಂ ಹಿಂದಿನ ಸಾಲಿನಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಎರಡನೇ ನುಡಿಯಲ್ಲಿ ಒಂದು ಕಡೆ ಧ್ವನಿ ಒಡೆಯಿತು. ನಿಲ್ಲಿಸಲಿಲ್ಲ. ಮಗು ಮಲಗಲೂ ಇಲ್ಲ, ಕಣ್ಣು ಬಿಟ್ಟುಕೊಂಡು ನನ್ನ ಬಾಯಿಯನ್ನೇ ನೋಡುತ್ತಿತ್ತು. ಸೀರೆ ಕೊಡಲು ಹೋದರೆ ಮೇಡಂ ತಗೊಳ್ಳಲಿಲ್ಲ. ಎಲೆ ಅಡಿಕೆ ಮಾತ್ರ ತಗೊಂಡು, ಬುಧವಾರ ಬರುವಾಗ ಪುಟದ ಮೇಲೆ ಹೊಸದಾಗಿ ಏನು ಬರೆಯಬೇಕು ಅಂತ ಯೋಚಿಸಿಕೊಂಡು ಬನ್ನಿ ಅಂದರು. ನಾನಿನ್ನೂ ಯೋಚಿಸಿಲ್ಲ. ಎದುರು ಮನೆ ಅಜ್ಜಿ ಮಾತ್ರ ಭಜನಾ ಮಂಡಳಿಯಲ್ಲಿ ನನಗೆ ಆಗಲೇ ಒಂದು ಜಾಗ ಹಿಡಿದಿಟ್ಟಿದ್ದಾರಂತೆ.