ಅಮ್ಮನಿಗೆ ಬಡಿಸೋ ಅನ್ನದ ಬಗ್ಗೆ

ಚಿ. ಸುಮಾಳಿಗೆ ಮಾವನ ಆಶೀರ್ವಾದಗಳು.

ಅಮ್ಮನ ಕ್ಯಾನ್ಸರಿನ ರಿಪೋರ್ಟು, ಖರ್ಚಿನ ವಿಷಯ ಫೋನಿನಲ್ಲಿ ಮಾತಾಡಿದ್ದೇವೆ, ಅದು ಬೇಡ. ಪತ್ರದ ಕೊನೆಯಲ್ಲಿ ನೀನು ಬರೆದ ಒಂದು ಸಾಲು ನನ್ನ ನಿದ್ದೆ ಕೆಡಿಸಿತು. "ನಾನು ಅಮ್ಮನಿಗೆ ಬಡಿಸೋ ಅನ್ನ ಗಡ್ಡೆಗೇ ಹೋಗ್ತಿದೆಯೇನೋ ಮಾವ." ಅದಕ್ಕೇ ಅನ್ನ, ಹಾಲು, ಬೆಲ್ಲ ಎಲ್ಲ ನಿಲ್ಲಿಸಿದ್ದೀಯಂತೆ.

ಹಾಗನ್ನಿಸೋದು ಸಹಜ. ಕ್ಯಾನ್ಸರ್ ಕೋಶ ಸಕ್ಕರೆಯನ್ನ ಜಾಸ್ತಿ ಎಳೆದುಕೊಳ್ಳುತ್ತೆ ಅಂತ ಜರ್ಮನಿಯ ಓಟೋ ವಾರ್‌ಬರ್ಗ್ 1920ರ ದಶಕದಲ್ಲೇ ಕಂಡಿದ್ದರು. ಗಡ್ಡೆ ಎಲ್ಲಿದೆ ಅಂತ ನೋಡೋಕೆ ಅಮ್ಮನಿಗೆ ಮಾಡಿಸಿದ ಪೆಟ್ ಸ್ಕ್ಯಾನ್ ನಡೆಯೋದೂ ಅದೇ ಗುಣದ ಮೇಲೆ. ಆದರೆ ಊಟ ನಿಲ್ಲಿಸಿದರೆ ಗಡ್ಡೆ ಸೊರಗುತ್ತೆ ಅಂತ ಇದರಿಂದ ಹೇಳೋಕಾಗಲ್ಲ.

ಜೀವಕೋಶದೊಳಗೆ ಎಮ್‌ಟಾರ್ ಅನ್ನೋ ಪ್ರೋಟೀನ್ ಇದೆ. ಪ್ರೋಟೀನಿನ ಚೂರುಗಳಾದ ಅಮೈನೋ ಆಮ್ಲ ಬಂದಿದೆಯಾ, ಇನ್ಸುಲಿನ್ ಇದೆಯಾ, ಶಕ್ತಿ ಸಾಲುತ್ತಾ ಅಂತ ನೋಡಿಕೊಂಡೇ ಅದು ಕೋಶವನ್ನು ಬೆಳೆಯೋಕೆ ಬಿಡೋದು. ಶಕ್ತಿ ಕಡಿಮೆಯಾದರೆ ಎಎಂಪಿಕೆ ಅನ್ನೋ ಇನ್ನೊಂದು ಪ್ರೋಟೀನ್ ಅದನ್ನು ತಡೆಯುತ್ತೆ. ಎಷ್ಟೋ ಕ್ಯಾನ್ಸರ್‌ಗಳಲ್ಲಿ ಕೆಡೋದು ಈ ಲೆಕ್ಕವೇ. ಪಿ-ಟೆನ್ ಅನ್ನೋ ತಡೆ ಇಲ್ಲವಾಗಿಯೋ, ಇನ್ಸುಲಿನ್ ಸಂದೇಶ ಒಳಗೆ ಸಾಗಿಸೋ ಪಿಐ3ಕೆ ಜೀನ್ ಕೆಟ್ಟೋ, ಇನ್ಸುಲಿನ್ ಕಡಿಮೆ ಇದ್ದಾಗಲೂ ಬೆಳೆ ಅನ್ನೋ ಸಂದೇಶ ಹೋಗ್ತಾನೇ ಇರುತ್ತೆ. ಆನ್ ಆಗಿ ಅಂಟಿಕೊಂಡ ಸ್ವಿಚ್ಚಿನ ಹಾಗೆ. ನೀನು ಬೆಲ್ಲ ಮುಚ್ಚಿಟ್ಟಿದ್ದು ಅದಕ್ಕೆ ಗೊತ್ತೇ ಆಗಲ್ಲ.

ಅಮ್ಮನ ದೇಹಕ್ಕೆ ಮಾತ್ರ ಗೊತ್ತಾಗುತ್ತೆ. ರಕ್ತದ ಸಕ್ಕರೆ ಇಳಿಯೋಕೆ ಲಿವರ್ ಬಿಡಲ್ಲ. ಕೈಕಾಲಿನ ಮಾಂಸ ಕರಗಿ ಬಂದದ್ದರಲ್ಲೇ ಅದು ಸಕ್ಕರೆ ಮಾಡುತ್ತೆ. ಗಡ್ಡೆಗೆ ಸಿಗೋದು ಸಿಗುತ್ತೆ, ಸೊರಗೋದು ಅವಳು.

ನಮ್ಮ ಅಜ್ಜಿಗೂ ಹೊಟ್ಟೆಯಲ್ಲಿ ಗಡ್ಡೆ. ಆಗ ನಿನ್ನಮ್ಮ ಇನ್ನೂ ತೊಟ್ಟಿಲಲ್ಲಿದ್ದಳು. ಯಾರೋ ಹೇಳಿದ ಪಥ್ಯ ಅಂತ ಬರೀ ಗಂಜಿ ತಿಳಿ ಕೊಡ್ತಿದ್ದರು. ಕೈ ಎತ್ತಿದರೆ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಒಂದು ಮಧ್ಯಾಹ್ನ ಅಜ್ಜಿ ನನ್ನನ್ನ ಕರೆದು, ಚಟ್ನಿಪುಡಿ ಕಲಸಿದ ಅನ್ನ ಒಂದು ತುತ್ತು ತಾರೋ ಅಂದರು. ದೊಡ್ಡವರು ಬೈತಾರೆ ಅಂತ ಹಿತ್ತಲಿಗೆ ಓಡಿಹೋದೆ. ಈಗಲೂ ಚಟ್ನಿಪುಡಿ ಡಬ್ಬ ತೆಗೆದಾಗ ಸಂಕಟವಾಗುತ್ತೆ. ಇದನ್ನ ನಿನ್ನ ಅತ್ತೆಗೂ ಹೇಳಿಲ್ಲ.

ಆ ಎಮ್‌ಟಾರ್ ಸ್ವಿಚ್ಚಿನ ಮೇಲೇ ಕೈಯಿಡೋ ಔಷಧಿಯೂ ಇದೆ ನೋಡು. 1964ರಲ್ಲಿ ಈಸ್ಟರ್ ದ್ವೀಪದಿಂದ ತಂದ ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯಾದಿಂದ ರಾಪಾಮೈಸಿನ್ ಸಿಕ್ಕಿತು. ಅದನ್ನು ಬಿಡದೆ ಬೆನ್ನುಹತ್ತಿದವರು ನಮ್ಮ ಉಪಖಂಡದಲ್ಲೇ ಹುಟ್ಟಿದ ವಿಜ್ಞಾನಿ ಸುರೇನ್ ಸೆಹಗಲ್. ಅದೇ ಜಾತಿಯ ಎವರೋಲಿಮಸ್ ಈಗ ಕಿಡ್ನಿ ಕ್ಯಾನ್ಸರಿಗೆ, ಕೆಲವು ಬಗೆಯ ಸ್ತನ ಕ್ಯಾನ್ಸರಿಗೆ ಕೊಡ್ತಾರೆ. ಅದೂ ಎಲ್ಲರಿಗೂ ಅಲ್ಲ. ಅಂಥದ್ದನ್ನ ಅಡುಗೆಮನೆಯಲ್ಲಿ ಸಾಧಿಸೋಕೆ ಹೋಗಬೇಡ ಮಗಳೇ.

ನಾನೇನು ಡಾಕ್ಟರಲ್ಲ, ಸುಮ್ನೆ ಬಾಯಿ ಹಾಕಿದೆ ಅಂದುಕೊಳ್ಳಬೇಡ. ಆಸ್ಪತ್ರೆಯ ಡಯಟೀಶಿಯನ್ ಹತ್ತಿರ ಒಂದು ಸಲ ಕೂತು ಮಾತಾಡು. ಕೀಮೋ ಜೊತೆ ಸ್ಟೆರಾಯ್ಡ್ ಇದ್ದರೆ ಶುಗರ್ ಏರಬಹುದು, ಬೆಲ್ಲದ ವಿಷಯ ಅವರನ್ನೇ ಕೇಳು. ಬೇಳೆ, ಮೊಸರು ಸ್ವಲ್ಪ ಸ್ವಲ್ಪವೇ ಆಗಾಗ ಕೊಡು, ಸೇರಿದರೆ. ಸೇರದಿದ್ದರೆ ಬಲವಂತ ಬೇಡ. ಮತ್ತೆ ಅನ್ನ ಬಡಿಸೋವಾಗ ಆ ಯೋಚನೆ ಬಂದರೆ, ಎಷ್ಟು ಹೊತ್ತಾದರೂ ಸರಿ, ನನಗೆ ಫೋನ್ ಮಾಡು. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡು, ಈ ಸಲ ಎಷ್ಟು ಬಂತು ಅಂತ ನನಗೂ ತಿಳಿಸು.

ಇಂತಿ,
ನಿನ್ನ ಮಾವ