ಮೂತ್ರಕೋಶದ ಕ್ಯಾನ್ಸರಿನ ಔಷಧ ಪ್ರಯೋಗಗಳು ಮೈಸೂರು–ಮಂಡ್ಯದಲ್ಲೂ ನಡೆಯಲಿ: ವೈದ್ಯಕೀಯ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ ಗೌರವಪೂರ್ವಕ ವಂದನೆಗಳು.

ನಾನು ಔಷಧ ವಿಜ್ಞಾನ ಕಲಿಸಿ ನಿವೃತ್ತನಾದ ಮೈಸೂರಿನ ನಿವಾಸಿ. ಮೂತ್ರಕೋಶದ ಕ್ಯಾನ್ಸರಿನ ಔಷಧಗಳನ್ನು ಸರ್ಕಾರದ ಹಣದಲ್ಲೇ ಪರೀಕ್ಷಿಸುವ ಒಂದು ಪ್ರಯೋಗ ಘಟಕವನ್ನು ಮೈಸೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಮತ್ತು ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಜೊತೆಗೂಡಿ ನಡೆಸುವಂತೆ ತಾವು ಏರ್ಪಾಡು ಮಾಡಬೇಕೆಂಬುದು ನನ್ನ ಕೋರಿಕೆ. ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ತಮ್ಮ ತಾಳ್ಮೆಯನ್ನು ಬೇಡುತ್ತೇನೆ.

ಜಗತ್ತಿನಲ್ಲಿ 2022ರ ಒಂದೇ ವರ್ಷದಲ್ಲಿ 6 ಲಕ್ಷಕ್ಕೂ ಹೆಚ್ಚು ಮಂದಿಯಲ್ಲಿ ಈ ಕಾಯಿಲೆ ಹೊಸದಾಗಿ ಪತ್ತೆಯಾಯಿತು. ನೋವಿಲ್ಲದೆ ಮೂತ್ರದಲ್ಲಿ ರಕ್ತ ಕಾಣಿಸುವುದೇ ಇದರ ಮುಖ್ಯ ಲಕ್ಷಣ. ನೋವಿಲ್ಲವಲ್ಲ ಎಂದು, ಉಷ್ಣವಾಗಿರಬೇಕೆಂದು ಎಳನೀರು ಕುಡಿದು ಸುಮ್ಮನಾಗುವವರು ನಮ್ಮಲ್ಲಿ ಬಹಳ. ಪತ್ತೆಯಾಗುವ ಹೊತ್ತಿಗೆ ಸುಮಾರು ಮುಕ್ಕಾಲು ಪಾಲು ರೋಗಿಗಳಲ್ಲಿ ಗಡ್ಡೆ ಇನ್ನೂ ಮೂತ್ರಕೋಶದ ಸ್ನಾಯುವಿಗೆ ಇಳಿದಿರುವುದಿಲ್ಲ. ಅದನ್ನು ಕೆರೆದು ತೆಗೆಯಬಹುದು. ಆದರೆ ಅದು ಮತ್ತೆ ಮತ್ತೆ ಬರುವ ಗಡ್ಡೆ. ಅದಕ್ಕಾಗಿ ಮೂತ್ರಕೋಶದೊಳಕ್ಕೇ ಔಷಧ ಬಿಡುತ್ತಾರೆ. ಆ ಔಷಧ ಯಾವುದೆಂದರೆ, ಹುಟ್ಟಿದ ಮಗುವಿಗೆ ಕ್ಷಯ ತಡೆಯಲು ಹಾಕಿಸುವ ಬಿಸಿಜಿ! ಕೆನಡಾದ ವೈದ್ಯ ಅಲ್ವಾರೊ ಮೊರಾಲೆಸ್ 1976ರಲ್ಲಿ ಪ್ರಕಟಿಸಿದ ಈ ವಿಧಾನಕ್ಕಿಂತ ಮಿಗಿಲಾದದ್ದೊಂದು ಆರಂಭದ ಹಂತದ ರೋಗಿಗಳಿಗೆ ಬಹುಕಾಲ ಸಿಗಲೇ ಇಲ್ಲ.

ಮದ್ದೂರಿನ ಕಡೆ ಕಬ್ಬು ಬೆಳೆಯುವ ನಮ್ಮ ಭಾವನವರಿಗೆ ಈ ಚಿಕಿತ್ಸೆ ಆದಾಗ ನಾನು ಜೊತೆಗಿದ್ದೆ. ವಾರಕ್ಕೊಂದರಂತೆ ಆರು ವಾರ, ಪೈಪು ಹಾಕಿ ಔಷಧ ಬಿಡುತ್ತಾರೆ. ಎರಡು ಗಂಟೆ ಮೂತ್ರ ಮಾಡದೆ ತಡೆದುಕೊಳ್ಳಬೇಕು. ಅದರಲ್ಲಿರುವುದು ಜೀವಂತ ಬ್ಯಾಕ್ಟೀರಿಯ. ಹಾಗಾಗಿ ಮುಂದಿನ ಆರು ಗಂಟೆ ಕುಳಿತೇ ಮೂತ್ರ ಮಾಡಿ, ಪ್ರತಿ ಸಲವೂ ಬ್ಲೀಚಿಂಗ್ ದ್ರಾವಣ ಸುರಿದು, ಹದಿನೈದು ನಿಮಿಷ ಬಿಟ್ಟು ನೀರು ಹಾಕಬೇಕು. ಇಡೀ ಮನೆಗೆ ಇರುವುದು ಹಿತ್ತಲಿನ ಒಂದೇ ಶೌಚಾಲಯವಾದರೆ ಇದನ್ನು ಪಾಲಿಸುವುದು ಹೇಗೆಂದು ಮುದ್ರಿತ ಸೂಚನಾಪತ್ರದಲ್ಲಿ ಬರೆದಿರಲಿಲ್ಲ. ಅಕ್ಕನೇ ಬಕೆಟ್ಟು, ಚೊಂಬು ಬೇರೆ ಇಟ್ಟು ದಾರಿ ಕಂಡುಕೊಂಡಳು. ನಾಲ್ಕನೆಯ ವಾರ ಹೋದಾಗ ‘ಔಷಧದ ದಾಸ್ತಾನು ಬಂದಿಲ್ಲ, ಫೋನ್ ಮಾಡಿಕೊಂಡು ಬನ್ನಿ’ ಎಂದು ಕಳಿಸಿದರು. ಆ ಆಸ್ಪತ್ರೆಯ ಹೆಸರು ಇಲ್ಲಿ ಬೇಡ, ಏಕೆಂದರೆ ಈ ಕೊರತೆ ಒಂದು ಆಸ್ಪತ್ರೆಯದಲ್ಲ. ಬಿಸಿಜಿ ನಿಧಾನವಾಗಿ ಬೆಳೆಯುವ ಬ್ಯಾಕ್ಟೀರಿಯ, ಲಾಭ ಕಡಿಮೆ, ತಯಾರಕರೂ ಬೆರಳೆಣಿಕೆಯಷ್ಟು. ಸನೋಫಿ ಕಂಪನಿ 2017ರಲ್ಲಿ ತಯಾರಿಕೆ ನಿಲ್ಲಿಸಿದ ಮೇಲೆ ಅಮೆರಿಕದಂಥ ದೇಶವೇ ಒಂದೇ ಕಂಪನಿಯನ್ನು ನೆಚ್ಚಿ ಕೂರಬೇಕಾಯಿತು.

ಇನ್ನು ಹೊಸ ಔಷಧಗಳ ವಿಷಯ. ಕಳೆದ ಹತ್ತು ವರ್ಷಗಳಲ್ಲಿ ಈ ಕ್ಷೇತ್ರ ಕಂಡ ಬದಲಾವಣೆ ದೊಡ್ಡದು. ರೋಗನಿರೋಧಕ ಶಕ್ತಿಯ ತಡೆ ತೆಗೆಯುವ ಪೆಂಬ್ರೊಲಿಜುಮಾಬ್‌ಗೆ, ಬಿಸಿಜಿಗೆ ಬಗ್ಗದ ಒಂದು ಬಗೆಯ ಗಡ್ಡೆಗಳಿಗಾಗಿ 2020ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಎನ್‌ಫೋರ್ಟುಮಾಬ್ ವೆಡೊಟಿನ್ ಎಂಬ ಇನ್ನೊಂದು ಔಷಧ, ಕ್ಯಾನ್ಸರ್ ಜೀವಕೋಶದ ಮೇಲಿರುವ ನೆಕ್ಟಿನ್-4 ಎಂಬ ಪ್ರೋಟೀನನ್ನು ಗುರುತು ಹಿಡಿದು ಅಲ್ಲಿಗೇ ವಿಷವನ್ನು ತಲುಪಿಸುತ್ತದೆ. ಇವೆರಡನ್ನೂ ಸೇರಿಸಿ ಕೊಟ್ಟಾಗ, ಮುಂದುವರಿದ ಹಂತದ ರೋಗಿಗಳ ಮಧ್ಯಮ ಬದುಕಿನ ಅವಧಿ, ಅಂದರೆ ಅರ್ಧದಷ್ಟು ರೋಗಿಗಳು ಬದುಕಿರುವ ಅವಧಿ, ಹಳೆಯ ಕೀಮೋಥೆರಪಿಯ 16.1 ತಿಂಗಳಿಂದ 31.5 ತಿಂಗಳಿಗೆ ಏರಿತು. ಹೆಚ್ಚುಕಡಿಮೆ ಎರಡು ಪಟ್ಟು; ಕ್ಯಾನ್ಸರ್ ಔಷಧಗಳ ಚರಿತ್ರೆ ಓದಿದ ಯಾರಿಗೂ ಇದು ಸಣ್ಣ ಮಾತಲ್ಲವೆಂದು ಗೊತ್ತು. ಜೆಮ್‌ಸಿಟಾಬಿನ್ ಎಂಬ ಹಳೆಯ ಔಷಧವನ್ನೇ ಪುಟ್ಟ ಸಾಧನವೊಂದರಲ್ಲಿ ತುಂಬಿ, ಮೂತ್ರಕೋಶದೊಳಗಿಟ್ಟು, ವಾರಗಟ್ಟಲೆ ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡುವ ವಿಧಾನಕ್ಕೂ 2025ರಲ್ಲಿ ಅಲ್ಲಿ ಅನುಮತಿ ದೊರೆತಿದೆ.

ಇವುಗಳ ಬೆಲೆ ನಮ್ಮ ರೋಗಿಗಳ ಕೈಗೆ ಎಟುಕುವಂಥದ್ದಲ್ಲ. ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬವೊಂದಕ್ಕೆ ವರ್ಷಕ್ಕೆ ಸಿಗುವ 5 ಲಕ್ಷ ರೂಪಾಯಿ ಇಂಥ ಚಿಕಿತ್ಸೆಯ ಮುಂದೆ ಎಲ್ಲಿಗೂ ಸಾಲದು. ಬೆಲೆ ಇಳಿಸಿ ಎಂದು ಕೇಂದ್ರವನ್ನು ಒತ್ತಾಯಿಸುವುದು ಸರಿಯೇ. ಆದರೆ ಕಂಪನಿಗಳು ಎಂದೂ ಕೇಳದ ಪ್ರಶ್ನೆಗಳು ಬೇರೆ ಇವೆ. ಇದೇ ಔಷಧವನ್ನು ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ಸಾಲದೆ? ಪೇಟೆಂಟ್ ಮುಗಿದ ಅಗ್ಗದ ಔಷಧ ಬಿಸಿಜಿಯ ಜಾಗ ತುಂಬಲಾರದೆ? ಉತ್ತರ ‘ಸಾಕು’, ‘ತುಂಬುತ್ತದೆ’ ಎಂದು ಬಂದರೆ ಕಂಪನಿಗೆ ನಷ್ಟ. ಹಾಗಾಗಿ ಈ ಪರೀಕ್ಷೆಗೆ ಅದು ಹಣ ಹಾಕುವುದಿಲ್ಲ.

ಈ ದಾರಿಯಲ್ಲಿ ನಮ್ಮ ದೇಶದವರೇ ಈಗಾಗಲೇ ನಡೆದಿದ್ದಾರೆ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ತಲೆ–ಕುತ್ತಿಗೆ ಕ್ಯಾನ್ಸರಿನ ರೋಗಿಗಳಿಗೆ, ಅಗ್ಗದ ಮಾತ್ರೆಗಳ ಜೊತೆಗೆ ಮೂರು ವಾರಕ್ಕೊಮ್ಮೆ ಪೆಂಬ್ರೊಲಿಜುಮಾಬ್ ಬಗೆಯದೇ ಆದ ನಿವೊಲುಮಾಬ್ ಔಷಧವನ್ನು ಕೇವಲ 20 ಮಿಲಿಗ್ರಾಂ ಕೊಟ್ಟು ನೋಡಿದರು. ಅದು ವಾಡಿಕೆಯ ಪ್ರಮಾಣದ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಒಂದು ವರ್ಷದ ನಂತರ ಬದುಕಿದ್ದವರ ಪ್ರಮಾಣ ಬರೀ ಮಾತ್ರೆ ಪಡೆದವರಲ್ಲಿ ಶೇ. 16.3 ಇದ್ದರೆ, ಇದನ್ನೂ ಪಡೆದವರಲ್ಲಿ ಶೇ. 43.4 ಇತ್ತು. ಮೂತ್ರಕೋಶದ ಕ್ಯಾನ್ಸರಿಗೂ ಇದು ಹೊಂದುತ್ತದೆಯೇ ಎಂಬುದನ್ನು ಪ್ರಯೋಗವೇ ಹೇಳಬೇಕು. ಹಾಗೆಯೇ ಬಿಸಿಜಿ ಕೊರತೆಯ ನಡುವೆ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ಬೆಳೆಸಿದ ಕ್ರಮವೊಂದಿದೆ: ಜೆಮ್‌ಸಿಟಾಬಿನ್ ಮತ್ತು ಡೊಸಿಟ್ಯಾಕ್ಸೆಲ್‌ಗಳನ್ನು ಒಂದಾದ ಮೇಲೊಂದರಂತೆ ಮೂತ್ರಕೋಶಕ್ಕೆ ಬಿಡುವುದು. ಎರಡೂ ಭಾರತದಲ್ಲೇ ತಯಾರಾಗುವ, ಪೇಟೆಂಟ್ ಮುಗಿದ ಔಷಧಗಳು. ಬಿಸಿಜಿಯೊಡನೆ ಇದನ್ನು ಹೋಲಿಸುವ ದೊಡ್ಡ ಪ್ರಯೋಗ ಅಮೆರಿಕದಲ್ಲಿ ಆರಂಭವಾಗಿದೆ. ಬಿಸಿಜಿಗಾಗಿ ಕಾದು ಕೂರುವ ನಮ್ಮ ರೋಗಿಗಳಲ್ಲೂ ಇದನ್ನು ಕ್ರಮಬದ್ಧವಾಗಿ ಪರೀಕ್ಷಿಸಬಾರದೇಕೆ? ನನ್ನನ್ನು ಕೇಳಿದರೆ ಘಟಕದ ಮೊದಲ ಕೆಲಸ ಇದೇ ಆಗಬೇಕು.

ಬಡವರನ್ನು ಪ್ರಯೋಗಪಶುಗಳನ್ನಾಗಿ ಮಾಡುತ್ತಾರೆಂಬ ಆಕ್ಷೇಪ ಖಂಡಿತ ಬರುತ್ತದೆ, ಬರಲೂಬೇಕು. 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ನೈತಿಕ ಸಮಿತಿಯ ಒಪ್ಪಿಗೆ ಕಡ್ಡಾಯ, ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕಡ್ಡಾಯ. ಇದರ ಮೇಲೆ, ಒಪ್ಪಿಗೆ ಪತ್ರ ನಮ್ಮ ಕಡೆಯ ಜನ ಓದಿದರೆ ತಿಳಿಯುವ ಕನ್ನಡದಲ್ಲಿರಬೇಕು, ಮಳವಳ್ಳಿಯಿಂದಲೋ ಎಚ್.ಡಿ. ಕೋಟೆಯಿಂದಲೋ ಬಂದು ಹೋಗುವವರಿಗೆ ಬಸ್ಸಿನ ಖರ್ಚು ಮತ್ತು ಆ ದಿನದ ಕೂಲಿ ಸಿಗಬೇಕು, ನೈತಿಕ ಸಮಿತಿಯಲ್ಲಿ ಒಬ್ಬ ರೋಗಿಯಾದರೂ ಕೂರಬೇಕು.

ಖರ್ಚು ಎಷ್ಟಾದೀತೆಂದು ತಾವು ಕೇಳಬಹುದು. ಹೊಸ ಕಟ್ಟಡ ಬೇಕಿಲ್ಲ. 1924ರಲ್ಲಿ ಆರಂಭವಾದ ಮೈಸೂರು ವೈದ್ಯಕೀಯ ಕಾಲೇಜಿಗೆ ಕೆ.ಆರ್. ಆಸ್ಪತ್ರೆಯಿದೆ, ಅಲ್ಲಿಗೆ ಸುತ್ತಲಿನ ಜಿಲ್ಲೆಗಳ ರೋಗಿಗಳು ಬರುತ್ತಾರೆ. ಬೇಕಿರುವುದು ಸಂಶೋಧನೆಗೆಂದೇ ನೇಮಕವಾದ ನರ್ಸುಗಳು, ದಾಖಲೆ ನೋಡಿಕೊಳ್ಳುವವರು, ಒಬ್ಬ ಸಂಖ್ಯಾಶಾಸ್ತ್ರಜ್ಞ, ಮತ್ತು ರೋಗಿ ಮೂರು ತಿಂಗಳಿಗೊಮ್ಮೆ ಸಿಸ್ಟೋಸ್ಕೋಪಿಗೆ (ಮೂತ್ರಕೋಶದೊಳಕ್ಕೆ ನಳಿಕೆ ಇಳಿಸಿ ನೋಡುವ ಪರೀಕ್ಷೆಗೆ) ಬರದಿದ್ದರೆ ಮನೆಗೆ ಫೋನ್ ಮಾಡಿ ವಿಚಾರಿಸುವ ವ್ಯವಸ್ಥೆ. ಕಿದ್ವಾಯಿ ಸಂಸ್ಥೆಯ ಅನುಭವಿಗಳು ಆರಂಭದಲ್ಲಿ ಕೈಹಿಡಿದು ನಡೆಸಬಲ್ಲರು.

ಒಂದು ಮಾತು ಸೇರಿಸದೆ ಇರಲಾರೆ. ಮೂತ್ರಕೋಶದ ಕ್ಯಾನ್ಸರಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಬೀಡಿ, ಸಿಗರೇಟು. ಹುಣಸೂರು, ಪಿರಿಯಾಪಟ್ಟಣದ ಹೊಲಗಳಲ್ಲಿ ಹೊಗೆಸೊಪ್ಪು ಬೆಳೆಯುತ್ತದೆ. ಆ ಬೆಳೆಯ ಸಂಶೋಧನೆಗೆಂದು ಹುಣಸೂರಿನಲ್ಲಿ ಕೇಂದ್ರ ಸರ್ಕಾರದ ಕೇಂದ್ರವೂ ಇದೆ. ಅದು ತರುವ ಕಾಯಿಲೆಯ ಸಂಶೋಧನೆಗೆ ಇದೇ ಜಿಲ್ಲೆಯಲ್ಲಿ ನಾಲ್ಕು ಕೊಠಡಿ ಕೇಳುವುದು ಅತಿಯಾಸೆಯಲ್ಲವೆಂದು ಭಾವಿಸುತ್ತೇನೆ.

ಮುಂದಿನ ಬಜೆಟ್ಟಿನ ಸಿದ್ಧತೆ ಆರಂಭವಾಗುವ ಮುನ್ನ ಎರಡೂ ಸಂಸ್ಥೆಗಳ ನಿರ್ದೇಶಕರನ್ನು, ಮೂತ್ರರೋಗ ಮತ್ತು ಕ್ಯಾನ್ಸರ್ ವಿಭಾಗಗಳ ತಜ್ಞರನ್ನು ಒಮ್ಮೆ ಕರೆಸಿ ಮಾತನಾಡಬೇಕೆಂದೂ, ಅಲ್ಲಿಯವರೆಗೆ ಬಿಸಿಜಿ ಚಿಕಿತ್ಸೆ ಆರಂಭಿಸುವ ಪ್ರತಿ ರೋಗಿಗೂ ಆರು ವಾರದ ಔಷಧವನ್ನು ಮೊದಲೇ ತೆಗೆದಿರಿಸುವಂತೆ ಸರ್ಕಾರಿ ಆಸ್ಪತ್ರೆಗಳಿಗೆ ಸುತ್ತೋಲೆ ಹೊರಡಿಸಬೇಕೆಂದೂ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಔಷಧ ವಿಜ್ಞಾನದ ನಿವೃತ್ತ ಅಧ್ಯಾಪಕ
ಕುವೆಂಪುನಗರ, ಮೈಸೂರು